ಗಡಿಯಾಚೆ ಕದ್ದ ಹಾಡುಗಳನ್ನು ತೆಗೆಸುವ ಕೆಲಸ: ನನ್ನ ಅನುಭವ

ನನ್ನದು ಸಣ್ಣ ಆಡಿಯೋ ಕಂಪನಿ. ವಕೀಲರ ತಂಡ ಇಲ್ಲ, ಪೈರಸಿ ಕೆಲಸವೂ ನನ್ನ ತಲೆಗೇ. ನಮ್ಮ ಹಾಡುಗಳನ್ನು ಪುಕ್ಕಟೆ ಹಂಚುವ ಸೈಟಿನ ಮಾಲೀಕ ಒಂದು ದೇಶದಲ್ಲಿ, ಸರ್ವರ್ ಇನ್ನೊಂದರಲ್ಲಿ, ಡೊಮೇನ್ ಮಾರಿದವರು ಮತ್ತೊಂದರಲ್ಲಿ. ಮಾಲೀಕನನ್ನು ಹುಡುಕುವುದನ್ನು ಬಿಟ್ಟೇಬಿಟ್ಟಿದ್ದೇನೆ. 2018ರಲ್ಲಿ ಯುರೋಪಿನ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ ಜಾರಿಗೆ ಬಂದ ಮೇಲೆ ಡೊಮೇನ್ ದಾಖಲೆಗಳಲ್ಲಿ ಹೆಚ್ಚಾಗಿ ಹೆಸರುಗಳೇ ಕಾಣುವುದಿಲ್ಲ. ಸಿಕ್ಕರೂ ಪರದೇಶದ ಕೋರ್ಟಿಗೆ ಹೋಗುವ ತಾಕತ್ತು ನಮಗೆಲ್ಲಿದೆ? ಅದಕ್ಕೇ ಅವನಿಗೆ ಜಾಗ ಕೊಟ್ಟವರನ್ನು ಹಿಡಿಯುತ್ತೇನೆ.

ಸರ್ವರ್ ಅಮೆರಿಕದಲ್ಲಿದ್ದರೆ ಕೆಲಸ ಸಲೀಸು. ಅಲ್ಲಿನ 1998ರ ಡಿಎಂಸಿಎ ಎಂಬ ಕೃತಿಸ್ವಾಮ್ಯ ಕಾನೂನಿನಲ್ಲಿ, ನೋಟಿಸ್ ಬಂದ ಮೇಲೂ ಫೈಲ್ ತೆಗೆಯದ ಹೋಸ್ಟಿಂಗ್ ಕಂಪನಿಗೆ (ಸೈಟಿಗೆ ಸರ್ವರ್ ಜಾಗ ಕೊಟ್ಟವರಿಗೆ) ಕೇಸಿನಿಂದ ಇರುವ ರಕ್ಷಣೆ ಹೋಗಬಹುದು. ನೋಟಿಸ್ ಕಳಿಸಲು ಆ ದೇಶದವರೇ ಆಗಬೇಕಿಲ್ಲ. ಯುರೋಪಿನ ಹೋಸ್ಟ್ ಆದರೆ ಅಲ್ಲಿನ ಡಿಜಿಟಲ್ ಸೇವೆಗಳ ಕಾನೂನಾದ ಡಿಎಸ್‌ಎಯ 16ನೇ ವಿಧಿ ಹೆಸರಿಸಿ ಬರೆಯುತ್ತೇನೆ. ಎರಡರಲ್ಲೂ ಫೈಲಿನ ಪೂರ್ತಿ ಲಿಂಕ್ ಕೊಡಲೇಬೇಕು. ಸೈಟಿನ ಮುಖಪುಟದ ಲಿಂಕ್ ಹಾಕಿ ‘ಎಲ್ಲಾ ತೆಗೆಯಿರಿ’ ಅಂದರೆ ಯಾರೂ ಕೇಳುವುದಿಲ್ಲ.

ಉತ್ತರವೇ ಕೊಡದ ಹೋಸ್ಟ್‌ಗಳೂ ಇವೆ. ಆಗ ಗೂಗಲ್‌ಗೆ ಬರೆದು ಆ ಪುಟಗಳನ್ನು ಹುಡುಕಾಟದಿಂದ ತೆಗೆಸುತ್ತೇನೆ. ಫೈಲ್ ಅಲ್ಲೇ ಇರುತ್ತದೆ, ಆದರೆ ಹಾಡಿನ ಹೆಸರು ಹುಡುಕಿದವರಿಗೆ ಸಿಗುವುದಿಲ್ಲ. ಹೀಗೆ ಕಳಿಸಿದ ನೋಟಿಸ್‌ನ ಪ್ರತಿ ಲುಮೆನ್ ಎಂಬ ಸಾರ್ವಜನಿಕ ಸಂಗ್ರಹಕ್ಕೆ ಹೋಗಬಹುದು, ಹಾಗಾಗಿ ಕಂಪನಿ ಹೆಸರಿನಲ್ಲೇ ಕಳಿಸಿ.

ಡಿಎಂಸಿಎಯಲ್ಲಿ ಎದುರು ನೋಟಿಸ್ ಅಂತ ಒಂದಿದೆ. ಹಾಡು ಹಾಕಿದವನು ‘ತಪ್ಪಾಗಿ ತೆಗೆದಿದ್ದೀರಿ’ ಎಂದು ಬರೆದುಕೊಟ್ಟರೆ, ನಾವು ಕೇಸ್ ಹಾಕದಿದ್ದಲ್ಲಿ 10ರಿಂದ 14 ಕೆಲಸದ ದಿನಗಳಲ್ಲಿ ಫೈಲ್ ವಾಪಸ್ ಬರುತ್ತದೆ. ಸಣ್ಣವರು ಹೆದರುವುದು ಇಲ್ಲೇ. ಆದರೆ ಅವನೂ ತನ್ನ ಹೆಸರು, ವಿಳಾಸ, ಫೋನ್ ನಂಬರ್ ಕೊಟ್ಟು ಅಮೆರಿಕದ ಫೆಡರಲ್ ಕೋರ್ಟಿನ ವ್ಯಾಪ್ತಿಗೆ ಒಪ್ಪಬೇಕು. ಕಳ್ಳ ಯಾಕೆ ವಿಳಾಸ ಕೊಡುತ್ತಾನೆ, ಅಲ್ವಾ? ನನಗೆ ಎದುರು ನೋಟಿಸ್ ಬಂದದ್ದು ತೀರಾ ಅಪರೂಪ. ಬಂದಾಗ ಅದರ ಹಿಂದೆ ಕಳ್ಳತನಕ್ಕಿಂತ ಗೊಂದಲವೇ ಜಾಸ್ತಿ. ಸಂಗೀತ ನಿರ್ದೇಶಕರ ಒಪ್ಪಿಗೆ ಪತ್ರ ಹಾಡು ಹಾಕಿದವರ ಹತ್ತಿರ ಇರುತ್ತಿತ್ತು, ರೆಕಾರ್ಡಿಂಗ್‌ನ ಹಕ್ಕು ಬೇರೆ ಎಂಬುದು ಗೊತ್ತಿರುತ್ತಿರಲಿಲ್ಲ.

ಇದೆಲ್ಲಕ್ಕಿಂತ ಕಾಡಿದ್ದು ಹೊಸ ಬಗೆಯ ಕಳ್ಳತನ. ನಮ್ಮ ಹಾಡಿನ ವೇಗವನ್ನು ಒಂಚೂರು ಏರಿಸಿ, ಹೆಸರು ಬದಲಿಸಿ, ಯಾರೋ ಬೇರೆ ದೇಶದ ಡಿಸ್ಟ್ರಿಬ್ಯೂಟರ್ (ಹಾಡುಗಳನ್ನು ಆಪ್‌ಗಳಿಗೆ ತಲುಪಿಸುವ ಕಂಪನಿ) ಮೂಲಕ ಸ್ಟ್ರೀಮಿಂಗ್ ಆಪ್‌ಗಳಿಗೆ ಬಿಟ್ಟಿದ್ದರು. ಆಮೇಲೆ ನಮ್ಮ ಮೂಲ ವಿಡಿಯೋ ಮೇಲೆಯೇ ‘ಇದು ನಮ್ಮ ಹಾಡು’ ಎಂಬ ಅವರ ಕ್ಲೇಮ್ ಬಂತು! ಆಪ್‌ನವರಿಗೆ ಬರೆದರೆ ಅವರು ಡಿಸ್ಟ್ರಿಬ್ಯೂಟರ್ ಕಡೆ ತಳ್ಳಿದರು. ಈಗ ನೇರ ಡಿಸ್ಟ್ರಿಬ್ಯೂಟರ್‌ಗೇ ಬರೆಯುತ್ತೇನೆ. ಗಾಯಕರ ಜೊತೆಗಿನ ಒಪ್ಪಂದ, ಸ್ಟುಡಿಯೋ ಪ್ರಾಜೆಕ್ಟ್ ಫೈಲಿನ ತಾರೀಖು, ಮೊದಲ ಬಿಡುಗಡೆಯ ಲಿಂಕ್ ಜೊತೆಗಿಡುತ್ತೇನೆ. ಐಎಸ್‌ಆರ್‌ಸಿ ನಂಬರನ್ನೂ ಹಾಕುತ್ತೇನೆ, ಆದರೆ ಆ 12 ಅಕ್ಷರ-ಅಂಕಿಗಳು ಆ ರೆಕಾರ್ಡಿಂಗನ್ನು ಗುರುತಿಸುತ್ತವೆಯೇ ಹೊರತು ಯಾರದ್ದೆಂದು ಸಾಬೀತು ಮಾಡುವುದಿಲ್ಲ. ಹಾಡು ತೆಗೆಯಿರಿ ಅನ್ನುವುದರ ಜೊತೆಗೆ, ಅದು ಗಳಿಸಿದ ರಾಯಲ್ಟಿಯನ್ನೂ ತಡೆಹಿಡಿಯಿರಿ ಎಂದು ಸೇರಿಸುತ್ತೇನೆ. ದುಡ್ಡು ನಿಂತರೆ ಅವರಿಗೂ ಈ ಆಟ ಬೇಡವಾಗುತ್ತದೆ.

ಅಭಿಮಾನಿಗಳು ಪ್ರೀತಿಯಿಂದ ಹಾಕಿದ ವಿಡಿಯೋಗಳನ್ನು ಸುಮ್ನೆ ತೆಗೆಸಲು ಹೋಗುವುದಿಲ್ಲ. ಯೂಟ್ಯೂಬ್‌ನ ಕಂಟೆಂಟ್ ಐಡಿಯಲ್ಲಿ (ನಮ್ಮ ಹಾಡು ಬಳಸಿದ ವಿಡಿಯೋಗಳನ್ನು ತಾನೇ ಗುರುತಿಸುವ ವ್ಯವಸ್ಥೆ) ಅವುಗಳ ಜಾಹೀರಾತಿನ ಪಾಲು ನಮಗೆ ಬರುವ ಹಾಗೆ ಇಟ್ಟಿದ್ದೇನೆ. ನಮ್ಮಂಥ ಸಣ್ಣವರಿಗೆ ಈ ವ್ಯವಸ್ಥೆ ಸಾಮಾನ್ಯವಾಗಿ ಸಿಗುವುದು ಡಿಸ್ಟ್ರಿಬ್ಯೂಟರ್ ಮೂಲಕವೇ. ಅವರ ಕಮಿಷನ್ ಎಷ್ಟು, ತಪ್ಪು ಕ್ಲೇಮ್ ಬಂದರೆ ಯಾರಿಗೆ ಬರೆಯಬೇಕು ಎಂದು ಸಹಿ ಹಾಕುವ ಮುಂಚೆಯೇ ಕೇಳಿಕೊಳ್ಳಿ.