ಓಡುವವರಿಗೆ ಯೋಗ: ಎಲ್ಲಿ ಬಿಗಿ ಇದೆಯೋ ಅಲ್ಲಿಂದ ಶುರು ಮಾಡಿ

ಕೋಲಾರದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ಬೆಳಗಿನ ಜಾವ ಹೋದರೆ ಓಡುವವರು ನೂರೆಂಟು ಥರ ಕಾಣುತ್ತಾರೆ. ಪೊಲೀಸ್ ನೇಮಕಾತಿಗೆ 1600 ಮೀಟರ್ ಅಭ್ಯಾಸ ಮಾಡುವ ಹುಡುಗರು, ಶಾಲಾ ಕ್ರೀಡಾಕೂಟಕ್ಕೆ ತಯಾರಾಗುವ ಮಕ್ಕಳು, ಶುಗರ್ ಬಂದ ಮೇಲೆ ಓಟ ಶುರು ಮಾಡಿದ ನಡುವಯಸ್ಸಿನವರು. ಓಟ ಬೇರೆ ಬೇರೆ, ಆದರೆ ಓಟ ಮುಗಿದ ಮೇಲೆ ಹೆಚ್ಚಿನವರು ಮಾಡುವುದು ಒಂದೇ. ಎರಡು ಸಲ ಬಗ್ಗಿ, ಕಾಲ್ಬೆರಳು ಸಿಗಲಿಲ್ಲ ಅಂತ ನಾಲ್ಕು ಸಲ ಜಗ್ಗಿ, ಬೈಕ್ ಹತ್ತಿ ಹೊರಟುಬಿಡುತ್ತಾರೆ. ಆ ಜಗ್ಗಾಟದಿಂದ ಮೈ ಸಡಿಲವಾಗುವುದಿಲ್ಲ. ಸ್ನಾಯುವನ್ನು ಗಬಕ್ಕನೆ ಎಳೆದರೆ ಅದು ತನ್ನನ್ನು ಕಾಪಾಡಿಕೊಳ್ಳಲು ಇನ್ನಷ್ಟು ಬಿಗಿಯುತ್ತದೆ. ದೇಹ ಇರುವುದೇ ಹಾಗೆ.

ಓಟಗಾರರಿಗೆ ಯೋಗ ಬೇಕೇ ಬೇಕು ಅಂತ ನಂಬಿದವನು ನಾನು. ಆದರೆ ಕಾಲನ್ನು ಕುತ್ತಿಗೆಗೆ ಹಾಕಿಕೊಳ್ಳುವ ಯೋಗ ನಿಮಗೆ ಬೇಕಿಲ್ಲ. ಓಟಕ್ಕೆ ಸ್ವಲ್ಪ ಬಿಗಿ ಇರಲೇಬೇಕು. ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು ಪ್ರತಿ ಹೆಜ್ಜೆಗೂ ಸ್ಪ್ರಿಂಗ್‌ನಂತೆ ಹಿಗ್ಗಿ, ಶಕ್ತಿ ಹಿಡಿದಿಟ್ಟು, ವಾಪಸ್ ಕೊಡುತ್ತದೆ. ಅದನ್ನು ಸಡಿಲ ಮಾಡಿ ಸಾಧಿಸುವುದೇನೂ ಇಲ್ಲ. ಹೆಜ್ಜೆ ಸಲೀಸಾಗಿ ಹಿಂದಕ್ಕೂ ಮುಂದಕ್ಕೂ ಹೋಗುವಷ್ಟು ಸೊಂಟ, ತೊಡೆ, ಪಾದದ ಕೀಲು ತೆರೆದುಕೊಂಡರೆ ಸಾಕು.

ಮೊದಲು ಪರೀಕ್ಷೆ ಮಾಡಿಕೊಳ್ಳಿ

ಯಾವ ಆಸನ ಅಂತ ಕೇಳುವ ಮೊದಲು ನಿಮ್ಮ ಬಿಗಿ ಎಲ್ಲಿದೆ ಅಂತ ತಿಳಿದುಕೊಳ್ಳಿ. ಮನೆಯಲ್ಲೇ ಆಗುವ ಮೂರು ಪರೀಕ್ಷೆಗಳಿವೆ.

ಗೋಡೆ ಎದುರು ಒಂದು ಕಾಲು ಮುಂದಿಟ್ಟು ನಿಲ್ಲಿ. ಹಿಮ್ಮಡಿ ನೆಲ ಬಿಡದಂತೆ ಮಂಡಿ ಬಗ್ಗಿಸಿ ಗೋಡೆಗೆ ತಾಗಿಸಿ. ಹೆಬ್ಬೆರಳಿನಿಂದ ಗೋಡೆಗೆ ಸುಮಾರು 10 ಸೆಂಟಿಮೀಟರ್ ಇದ್ದಾಗಲೂ ಮಂಡಿ ತಾಗಿದರೆ ಪಾದದ ಕೀಲು ಚೆನ್ನಾಗಿದೆ ಅಂತ ಲೆಕ್ಕ. ಎರಡು ಕಾಲುಗಳ ಅಳತೆಯಲ್ಲಿ ವ್ಯತ್ಯಾಸ ಜಾಸ್ತಿ ಇದ್ದರೆ, ಅಳತೆ ಕಡಿಮೆ ಇರುವ ಕಾಲಿಗೆ ಕೆಲಸ ಜಾಸ್ತಿ ಕೊಡಿ.

ಎರಡನೆಯದು ಸೊಂಟದ ಮುಂಭಾಗಕ್ಕೆ. ಮಂಚದ ಅಂಚಿನಲ್ಲಿ ಕೂತು ಹಾಗೇ ಹಿಂದಕ್ಕೆ ಮಲಗಿ. ಒಂದು ಮಂಡಿಯನ್ನು ಎದೆಗೆ ಅಪ್ಪಿಕೊಳ್ಳಿ, ಇನ್ನೊಂದು ಕಾಲನ್ನು ಕೆಳಗೆ ಇಳಿಬಿಡಿ. ಇಳಿಬಿಟ್ಟ ತೊಡೆ ಮಂಚದ ಮಟ್ಟಕ್ಕೆ ಬಾರದೆ ಮೇಲೇ ತೇಲುತ್ತಿದ್ದರೆ ಸೊಂಟದ ಮುಂದಿನ ಸ್ನಾಯು ಬಿಗಿ ಅಂತ ಅರ್ಥ. ಬಂಗಾರಪೇಟೆಯಿಂದ ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿ, ಅಲ್ಲೂ ಕುರ್ಚಿಯಲ್ಲೇ ಕೂತು ಬರುವವರು ಇದನ್ನು ತಪ್ಪದೆ ಮಾಡಿ ನೋಡಬೇಕು.

ಮೂರನೆಯದು ಸುಲಭ. ಅಂಗಾತ ಮಲಗಿ, ಒಂದು ಕಾಲನ್ನು ಮಂಡಿ ಬಗ್ಗಿಸದೆ ಎತ್ತಿ. ಇನ್ನೊಂದು ಕಾಲು ನೆಲದಲ್ಲೇ ನೇರವಾಗಿರಲಿ. ಎತ್ತಿದ ಕಾಲು 70 ಡಿಗ್ರಿ ದಾಟಿದರೆ ಓಟಕ್ಕೆ ಅಷ್ಟು ಸಾಕು.

ಓಡುವ ಮುಂಚೆ: ಚಲನೆ ಇರಲಿ, ಹಿಡಿದು ನಿಲ್ಲುವುದು ಬೇಡ

ಒಂದೇ ಸ್ನಾಯುವನ್ನು ನಿಮಿಷಕ್ಕಿಂತ ಹೆಚ್ಚು ಹೊತ್ತು ಎಳೆದು ಹಿಡಿದು, ತಕ್ಷಣ ವೇಗವಾಗಿ ಓಡಿದರೆ ಅದರ ಬಲ ಸ್ವಲ್ಪ ಹೊತ್ತು ಕಡಿಮೆಯಾಗಿರುತ್ತದೆ. 100 ಮೀಟರ್ ಓಡುವವರಿಗೆ, ಲಾಂಗ್ ಜಂಪ್ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ. ಹಾಗಾಗಿ ಓಟಕ್ಕೆ ಮುಂಚೆ ಐದು ನಿಮಿಷ ಚುರುಕಾಗಿ ನಡೆಯಿರಿ. ಆಮೇಲೆ ಸೂರ್ಯನಮಸ್ಕಾರ ಮೂರು ನಾಲ್ಕು ಸುತ್ತು. ಉಸಿರಿನ ಜೊತೆ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿರಿ, ಎಲ್ಲೂ ನಿಲ್ಲಬೇಡಿ. ಕೊನೆಗೆ ಕಂಬ ಹಿಡಿದುಕೊಂಡು ಒಂದೊಂದು ಕಾಲನ್ನೂ ಹಿಂದೆ ಮುಂದೆ ಹತ್ತು ಸಲ ಬೀಸಿ. ಅಷ್ಟೇ.

ಬೆಳಗಿನ ಹೊತ್ತು ಇನ್ನೊಂದು ಎಚ್ಚರ ಬೇಕು. ರಾತ್ರಿಯಿಡೀ ಮಲಗಿದ್ದಾಗ ಬೆನ್ನೆಲುಬಿನ ನಡುವಿನ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬಿರುತ್ತವೆ. ಎದ್ದ ಕೂಡಲೇ ಪೂರ್ತಿ ಮುಂದಕ್ಕೆ ಬಗ್ಗಿದರೆ ಅವುಗಳ ಮೇಲೆ ಒತ್ತಡ ಜಾಸ್ತಿ ಬೀಳುತ್ತದೆ. ಬೆನ್ನುನೋವಿನ ಅಭ್ಯಾಸ ಇರುವವರು ಮೊದಲ ಸುತ್ತುಗಳಲ್ಲಿ ಮಂಡಿ ಬಗ್ಗಿಸಿಯೇ ಬಗ್ಗಲಿ.

ಓಡಿದ ಮೇಲೆ: ಪಂಚೆ, ಇಟ್ಟಿಗೆ, ಗೋಡೆ

ಇಲ್ಲಿ ನಮ್ಮ ಜಿಲ್ಲೆಯವರೇ ಒಬ್ಬರನ್ನು ನೆನೆಯಬೇಕು. ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು 1918ರಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ. ಇನ್‌ಫ್ಲುಯೆಂಜಾ ಮಹಾಮಾರಿಯ ಕಾಲ ಅದು. ಬಾಲ್ಯವೆಲ್ಲ ಮಲೇರಿಯಾ, ಟೈಫಾಯ್ಡ್, ಕ್ಷಯ ಅಂತ ಕಾಯಿಲೆಯಲ್ಲೇ ಕಳೆಯಿತು. ಮೈಸೂರಿನಲ್ಲಿ ಭಾವ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಯೋಗ ಶುರು ಮಾಡಿದಾಗ ಬಗ್ಗಿದರೆ ಅವರ ಕೈ ಮಂಡಿಯಿಂದ ಕೆಳಗೆ ಇಳಿಯುತ್ತಿರಲಿಲ್ಲವಂತೆ. ಮುಂದೆ ಪುಣೆಯಲ್ಲಿ ನೆಲೆಸಿ, ಬೆಲ್ಟು, ಮರದ ಇಟ್ಟಿಗೆ, ಕಂಬಳಿ, ಕುರ್ಚಿ, ಗೋಡೆಗೆ ಕಟ್ಟಿದ ಹಗ್ಗಗಳನ್ನು ಆಸನಕ್ಕೆ ಆಸರೆಯಾಗಿ ಬಳಸುವುದನ್ನು ಜಗತ್ತಿಗೆಲ್ಲ ಕಲಿಸಿದರು. 2014ರಲ್ಲಿ ತೀರಿಕೊಂಡರು, ಅದೇ ವರ್ಷ ಪದ್ಮವಿಭೂಷಣ ಬಂದಿತ್ತು. ಕೈ ನೆಲ ಮುಟ್ಟದಿದ್ದರೆ ನೆಲವನ್ನೇ ಕೈಗೆ ಹತ್ತಿರ ತನ್ನಿ ಎಂಬ ಈ ದಾರಿ ಓಟಗಾರರಿಗೆ ಹೇಳಿ ಮಾಡಿಸಿದಂತಿದೆ. ಅದಕ್ಕೆ ದುಬಾರಿ ಸಾಮಾನು ಏನೂ ಬೇಡ. ಒಂದು ಹಳೇ ಪಂಚೆ, ಎರಡು ಇಟ್ಟಿಗೆ, ಒಂದು ಮಡಿಸಿದ ಕಂಬಳಿ, ಖಾಲಿ ಗೋಡೆ ಇದ್ದರೆ ಆಯಿತು.

ಮೊದಲ ಆಸನ ಸುಪ್ತ ಪಾದಾಂಗುಷ್ಠಾಸನ. ನನ್ನ ಕೇಳಿದರೆ, ಓಡುವವರು ಒಂದೇ ಆಸನ ಮಾಡುವುದಾದರೆ ಇದನ್ನೇ ಮಾಡಬೇಕು. ನಿಂತು ಬಗ್ಗಿದರೆ ಬೆನ್ನು ಗೂನಾಗಿ, ತೊಡೆ ಹಿಂಭಾಗಕ್ಕೆ ಸಿಗಬೇಕಾದ ಎಳೆತ ಕೆಳಬೆನ್ನಿಗೆ ಹೋಗಿಬಿಡುತ್ತದೆ. ಮಲಗಿ ಮಾಡಿದರೆ ನೆಲವೇ ಬೆನ್ನನ್ನು ಹಿಡಿದಿರುತ್ತದೆ.

ಜಮಖಾನದ ಮೇಲೆ ಅಂಗಾತ ಮಲಗಿ, ಎಡಗಾಲನ್ನು ನೇರ ಚಾಚಿ ಪಾದವನ್ನು ಗೋಡೆಗೆ ಒತ್ತಿ. ಬಲ ಮಂಡಿ ಬಗ್ಗಿಸಿ ಎದೆ ಕಡೆ ತನ್ನಿ. ಉದ್ದಕ್ಕೆ ಮಡಿಸಿದ ಪಂಚೆಯನ್ನು ಪಾದಕ್ಕೆ ಸುತ್ತಿ. ಪಂಚೆ ಬೆರಳುಗಳ ಬುಡದ ದಪ್ಪ ಭಾಗದ ಮೇಲೆ ಕೂರಬೇಕು, ಪಾದದ ಗುಳಿಯಲ್ಲಲ್ಲ. ಎರಡೂ ತುದಿ ಹಿಡಿದು, ಕೈ ನೇರ ಮಾಡಿ, ಭುಜಗಳನ್ನು ನೆಲಕ್ಕೆ ಬಿಟ್ಟುಬಿಡಿ. ಈಗ ಹಿಮ್ಮಡಿಯನ್ನು ಸೂರಿನ ಕಡೆ ತಳ್ಳುತ್ತಾ ನಿಧಾನಕ್ಕೆ ಮಂಡಿ ನೇರ ಮಾಡಿ.

ಎಳೆತ ತೊಡೆಯ ಹಿಂಭಾಗದ ನಡುವೆ ತಿಳಿಯಬೇಕು. ಮಂಡಿಯ ಹಿಂದೆ ಅಥವಾ ಕುಂಡಿಯ ಮೂಳೆ ಹತ್ತಿರ ಚುಚ್ಚಿದಂತಾದರೆ ಕಾಲು ತುಸು ಇಳಿಸಿ, ಮಂಡಿ ತುಸು ಬಗ್ಗಿಸಿ. ಪಾದದವರೆಗೆ ಜುಮ್ ಅಂದರೆ, ಕರೆಂಟ್ ಹೊಡೆದಂತಾದರೆ ಅಲ್ಲಿ ಎಳೆಯುತ್ತಿರುವುದು ನರ. ನರವನ್ನು ಹಟ ಹಿಡಿದು ಎಳೆಯಬಾರದು, ತಕ್ಷಣ ಸಡಿಲಿಸಿ.

ಸರಿಯಾದ ಜಾಗ ಸಿಕ್ಕಿತಾ? ಅಲ್ಲೇ 30 ಸೆಕೆಂಡ್ ಇರಿ. ಉಸಿರು ಮೂಗಿನಿಂದಲೇ, ಬಿಡುವುದು ಎಳೆದುಕೊಳ್ಳುವುದಕ್ಕಿಂತ ಉದ್ದ. ಇಪ್ಪತ್ತು ಸೆಕೆಂಡ್ ಹೊತ್ತಿಗೆ ಬಿಗಿ ತಾನಾಗಿ ಕರಗಿ ಪಂಚೆ ಕೈಯಲ್ಲಿ ಸ್ವಲ್ಪ ಜೋಲುವುದು ಗೊತ್ತಾಗುತ್ತದೆ. ಆಗ ಆ ಜೋಲುವಷ್ಟನ್ನು ಮಾತ್ರ ಒಳಗೆ ತೆಗೆದುಕೊಳ್ಳಿ. ಅಭ್ಯಾಸವಾದ ಮೇಲೆ ಇನ್ನೊಂದು ಸೇರಿಸಬಹುದು. ಕಾಲಿನಿಂದ ಪಂಚೆಯನ್ನು ಐದು ಸೆಕೆಂಡ್ ಮೆಲ್ಲಗೆ ದೂರಕ್ಕೆ ಒತ್ತಿ, ಉಸಿರು ಬಿಡುತ್ತಾ ಸಡಿಲ ಬಿಡಿ. ಕಾಲು ಇನ್ನೊಂದಿಷ್ಟು ಹತ್ತಿರ ಬರುತ್ತದೆ. ಪ್ರತಿ ಕಾಲಿಗೂ ಎರಡು ಸಲ ಮಾಡಿ. ಎಡ ತೊಡೆ ನೆಲ ಬಿಟ್ಟು ಏಳುತ್ತಿದ್ದರೆ ಬಲಗಾಲನ್ನು ಜಾಸ್ತಿ ಎಳೆಯುತ್ತಿದ್ದೀರಿ.

ಎರಡನೆಯದು ಆಂಜನೇಯಾಸನ, ಸೊಂಟದ ಮುಂಭಾಗಕ್ಕೆ. ಬಲಪಾದ ಮುಂದೆ, ಎಡ ಮಂಡಿ ಹಿಂದೆ, ಮಂಡಿ ಕೆಳಗೆ ಮಡಿಸಿದ ಕಂಬಳಿ. ಸೊಂಟವನ್ನು ಮುಂದಕ್ಕೆ ತಳ್ಳಿ, ಕೈ ಎತ್ತಿ, ಬೆನ್ನನ್ನು ಹಿಂದಕ್ಕೆ ಬಿಲ್ಲಿನಂತೆ ಬಗ್ಗಿಸುವುದನ್ನು ಎಲ್ಲ ಕಡೆ ನೋಡುತ್ತೇವೆ. ಫೋಟೊ ಚೆನ್ನಾಗಿ ಬರುತ್ತದೆ, ಬಿಗಿ ಮಾತ್ರ ಇದ್ದ ಹಾಗೇ ಇರುತ್ತದೆ. ತೊಡೆಯನ್ನು ಎತ್ತುವ ಸೋವಾಸ್ ಸ್ನಾಯು ಕೆಳಬೆನ್ನಿನ ಮೂಳೆಗಳಿಂದ ಹೊರಟು ತೊಡೆ ಮೂಳೆಗೆ ಅಂಟಿಕೊಂಡಿದೆ. ಬೆನ್ನು ಹಿಂದಕ್ಕೆ ಬಗ್ಗಿದರೆ ಎಳೆತ ತಪ್ಪಿ ಕೆಳಬೆನ್ನಿನ ಕೀಲುಗಳ ಮೇಲೆ ಭಾರ ಬೀಳುತ್ತದೆ. ಅದಕ್ಕೇ ಮುಂದೆ ಹೋಗುವ ಮುಂಚೆ ಬಾಲದ ಮೂಳೆಯನ್ನು ಕೆಳಕ್ಕೆ ಇಳಿಸಿ, ಎಡ ಕುಂಡಿಯನ್ನು ಬಿಗಿ ಮಾಡಿ. ಅಷ್ಟಕ್ಕೇ ಎಡ ತೊಡೆಯ ಮೇಲ್ಭಾಗ ಎಳೆಯುತ್ತದೆ. ಎರಡು ಇಂಚು ಮುಂದಕ್ಕೆ ಜರುಗಿ 30 ಸೆಕೆಂಡ್ ನಿಲ್ಲಿ. ಬ್ಯಾಲೆನ್ಸ್ ತಪ್ಪುವವರು ಎರಡೂ ಪಕ್ಕ ಇಟ್ಟಿಗೆ ಇಟ್ಟು ಕೈ ಊರಿಕೊಳ್ಳಿ.

ಮೂರನೆಯದು ಮೀನಖಂಡಕ್ಕೆ, ಅಧೋಮುಖ ಶ್ವಾನಾಸನ. ಹಿಮ್ಮಡಿ ನೆಲ ಮುಟ್ಟಲೇಬೇಕು ಅಂತ ಏನೂ ಇಲ್ಲ. ಅಂಗೈ, ಪಾದ ಎರಡನ್ನೂ ನೆಲಕ್ಕೂರಿ ಸೊಂಟ ಮೇಲೆತ್ತಿ, ಬೆನ್ನು ಉದ್ದವಾಗಲಿ. ಒಂದು ಮಂಡಿ ಬಗ್ಗಿಸಿ ಇನ್ನೊಂದು ಹಿಮ್ಮಡಿ ಇಳಿಸುತ್ತಾ, ನಡೆದಂತೆ ಬದಲಿಸಿ. ಆದರೆ ಮೀನಖಂಡದಲ್ಲಿ ಎರಡು ಪದರ ಇವೆ. ಮೇಲಿನದು ಮಂಡಿ ದಾಟಿ ಹೋಗುತ್ತದೆ, ಒಳಗಿನದು ಮಂಡಿಯ ಕೆಳಗೇ ನಿಲ್ಲುತ್ತದೆ. ಮಂಡಿ ನೇರ ಇಟ್ಟರೆ ಎಳೆತ ಹೆಚ್ಚಾಗಿ ಮೇಲಿನ ಪದರಕ್ಕೆ. ಒಳಗಿನದಕ್ಕೆ ಎದ್ದು ನಿಂತು, ಕಾಲ್ಬೆರಳುಗಳನ್ನು ಇಟ್ಟಿಗೆ ಮೇಲಿಟ್ಟು, ಹಿಮ್ಮಡಿ ನೆಲದಲ್ಲಿಟ್ಟು, ಮಂಡಿ ಬಗ್ಗಿಸಿ ಗೋಡೆ ಕಡೆ ವಾಲಿ. ಗೋಡೆ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಇದನ್ನು ಬಿಡಬೇಡಿ.

ನಾಲ್ಕನೆಯದು ಕುಂಡಿಯ ಆಳದ ಸ್ನಾಯುಗಳಿಗೆ. ಒಂದು ಕಾಲನ್ನು ಮುಂದೆ ಮಡಿಸಿ ಕೂರುವ ಏಕಪಾದ ರಾಜಕಪೋತಾಸನ (ಪಿಜನ್ ಪೋಸ್) ಎಲ್ಲರಿಗೂ ಇಷ್ಟ, ಆದರೆ ಸೊಂಟ ಬಿಗಿ ಇರುವ ಓಟಗಾರರು ಅದನ್ನು ಕೂತು ಮಾಡಿದರೆ ತಿರುವು ಮಂಡಿಗೆ ಬೀಳುತ್ತದೆ. ಮಲಗಿ ಮಾಡಿ. ಬಲ ಕಣಕಾಲನ್ನು ಎಡ ತೊಡೆ ಮೇಲೆ ಅಡ್ಡ ಇಟ್ಟು, ಎಡ ತೊಡೆಯನ್ನು ಎರಡೂ ಕೈಯಿಂದ ಎದೆಗೆ ಎಳೆದುಕೊಳ್ಳಿ.

ಪಾದದಡಿ ನೋಯುವವರು ವಜ್ರಾಸನದಲ್ಲಿ ಕೂತು, ಕಾಲ್ಬೆರಳುಗಳನ್ನು ಒಳಕ್ಕೆ ಮಡಿಸಿ ಅವುಗಳ ಮೇಲೆ ಭಾರ ಹಾಕಿ. ಮೊದಮೊದಲು ಹತ್ತು ಸೆಕೆಂಡೇ ಕಷ್ಟ. ಕೈ ನೆಲಕ್ಕೆ ಕೊಟ್ಟು ಭಾರ ಕಡಿಮೆ ಮಾಡಿಕೊಳ್ಳಿ. ಕೊನೆಗೆ ಅಂಗಾತ ಮಲಗಿ, ಕಾಲನ್ನು ಗೋಡೆಗೆ ಮೇಲಕ್ಕೆ ಚಾಚಿ ವಿಪರೀತಕರಣಿ ಐದು ನಿಮಿಷ, ಕಣ್ಣು ಮುಚ್ಚಿ.

ಬೆಟ್ಟ ಹತ್ತಿ ಇಳಿಯುವವರಿಗೆ

ಅಂತರಗಂಗೆ ಮೆಟ್ಟಿಲು ಹತ್ತಿ ಇಳಿಯುವುದನ್ನೇ ವ್ಯಾಯಾಮ ಮಾಡಿಕೊಂಡವರು ಕೋಲಾರದಲ್ಲಿ ಬಹಳ ಜನ. ಹತ್ತುವಾಗ ಏದುಸಿರು ಬರುತ್ತದೆ, ಮಾರನೇ ದಿನ ಕಾಲು ನೋಯುವುದು ಮಾತ್ರ ಇಳಿದದ್ದಕ್ಕೆ. ಇಳಿಯುವಾಗ ಮುಂದೊಡೆಯ (ತೊಡೆಯ ಮುಂಭಾಗದ) ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ಅದರಿಂದ ಬರುವ ನೋವು ಒಂದೆರಡು ದಿನದ ನಂತರ ಜೋರಾಗುತ್ತದೆ. ಆಸನ ಮಾಡಿದರೆ ಈ ನೋವು ಬರುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದಕ್ಕಿರುವ ದಾರಿ ಇಳಿಯುವುದನ್ನು ವಾರ ವಾರ ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡುವುದು. ನಿಂತು, ಗೋಡೆ ಹಿಡಿದು, ಪಾದವನ್ನು ಹಿಂದಕ್ಕೆ ಕುಂಡಿ ಕಡೆ ತಂದು ಮುಂದೊಡೆ ಎಳೆಯಿರಿ, ಹಿತವಾಗಿರುತ್ತದೆ. ಮಂಡಿಚಿಪ್ಪಿನ ನೋವಿದ್ದರೆ, ಮಂಡಿ ಮಡಿಸಿ ಕೂತು ಹಿಂದಕ್ಕೆ ಮಲಗುವ ಸುಪ್ತ ವೀರಾಸನಕ್ಕೆ ಸುಮ್ನೆ ಕೈ ಹಾಕಬೇಡಿ.

ಸಡಿಲವಾದರೆ ಸಾಲದು, ಆ ಸಡಿಲದಲ್ಲಿ ಬಲವೂ ಇರಬೇಕು. ಅದಕ್ಕೆ ಮಲಗಿ ಸೊಂಟ ಎತ್ತುವ ಸೇತುಬಂಧಾಸನ, ಒಂಟಿಕಾಲಲ್ಲಿ ನಿಲ್ಲುವ ವೃಕ್ಷಾಸನ, ಒಂಟಿಕಾಲಲ್ಲಿ ಮುಂದಕ್ಕೆ ಬಾಗುವ ಮೂರನೇ ವೀರಭದ್ರಾಸನ ವಾರಕ್ಕೆರಡು ಸಲ ಸೇರಿಸಿಕೊಳ್ಳಿ. ಓಟ ಅಂದರೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಜಿಗಿಯುವುದೇ ಅಲ್ವಾ? ಒಂಟಿಕಾಲಲ್ಲಿ ಅಲ್ಲಾಡದೆ ನಿಲ್ಲುವ ಅಭ್ಯಾಸ ನೇರವಾಗಿ ಹೆಜ್ಜೆಗೆ ಬರುತ್ತದೆ.

ಎಷ್ಟು ದಿನ, ಯಾವಾಗ ನಿಲ್ಲಿಸಬೇಕು

ವಾರಕ್ಕೆ ಮೂರು ದಿನ, ಓಟದ ನಂತರ ಇಪ್ಪತ್ತು ನಿಮಿಷ. ಒಂದು ಸ್ನಾಯುವಿಗೆ ಒಟ್ಟು ಒಂದು ನಿಮಿಷ ಸಿಕ್ಕರೆ ಸಾಕು. ಮೊದಲ ವಾರಗಳಲ್ಲಿ ಬಗ್ಗುವಿಕೆ ಹೆಚ್ಚುವುದು ಸ್ನಾಯು ಉದ್ದವಾದದ್ದರಿಂದಲ್ಲ. ಎಳೆತವನ್ನು ನಿಮ್ಮ ನರಮಂಡಲ ಅಪಾಯ ಅಂತ ನೋಡುವುದನ್ನು ಬಿಡುತ್ತದೆ, ಅದಕ್ಕೆ. ಹಾಗಾಗಿ ಎರಡು ವಾರ ಬಿಟ್ಟರೆ ಮತ್ತೆ ಬಿಗಿ ಅನ್ನಿಸಬಹುದು. ಬೇಜಾರಾಗಬೇಡಿ, ಮತ್ತೆ ಶುರು ಮಾಡಿದರೆ ಬೇಗ ಬರುತ್ತದೆ. ತಿಂಗಳಿಗೊಮ್ಮೆ ಗೋಡೆ, ಮಂಚದ ಪರೀಕ್ಷೆ ಮಾಡಿ ಅಳತೆ ಬರೆದಿಡಿ.

ಓಡುವಾಗ ಟಕ್ ಅಂತ ಏನೋ ಹರಿದಂತಾಗಿ ನೋವು ಬಂದರೆ ಆ ಜಾಗವನ್ನು ಎಳೆಯಬಾರದು. ಮೂಳೆಯ ಮೇಲೆ ಒಂದೇ ಬಿಂದುವಿನಲ್ಲಿ ಒತ್ತಿದರೆ ನೋವು, ರಾತ್ರಿ ಮಲಗಿದಾಗಲೂ ನೋವು, ಕಾಲು ಊತ, ಮರಗಟ್ಟುವಿಕೆ ಇವು ಯಾವುವೂ ಆಸನದ ಕೆಲಸವಲ್ಲ. ಮೂಳೆ ವೈದ್ಯರನ್ನೋ ಫಿಸಿಯೋಥೆರಪಿಸ್ಟ್ ಅನ್ನೋ ನೋಡಿ. ಗರ್ಭಿಣಿಯರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಮೈ ಮೊದಲೇ ಜಾಸ್ತಿ ಬಾಗುವವರಿಗೆ ಎಳೆತಕ್ಕಿಂತ ಬಲದ ಆಸನಗಳೇ ಒಳ್ಳೆಯದು.

ನೇಮಕಾತಿಗೆ ಓಡುವವರಿಗೆ ಇನ್ನೊಂದು ಮಾತು. ದೈಹಿಕ ಪರೀಕ್ಷೆಗೆ ಹತ್ತು ದಿನ ಇರುವಾಗ ಹೊಸ ಆಸನ ಕಲಿಯಬೇಡಿ, ಹಳೆಯದನ್ನೇ ಅರ್ಧ ಮಾಡಿ. ಹಿಂದಿನ ಸಂಜೆ ವಿಪರೀತಕರಣಿ ಮಾತ್ರ ಸಾಕು. ಪರೀಕ್ಷೆಯ ಬೆಳಗ್ಗೆ ಸರದಿಯಲ್ಲಿ ಗಂಟೆಗಟ್ಟಲೆ ಕಾಯಿಸಬಹುದು. ಹೆಸರು ಕೂಗುವ ಹತ್ತು ನಿಮಿಷ ಮುಂಚೆ ಎದ್ದು, ನಿಂತಲ್ಲೇ ಮೆಲ್ಲಗೆ ಓಡಿ, ಕಾಲು ಬೀಸಿ ಮೈ ಬಿಸಿ ಮಾಡಿಕೊಳ್ಳಿ. ಪಕ್ಕದವರು ಬಗ್ಗಿ ಕಾಲ್ಬೆರಳು ಜಗ್ಗುತ್ತಿದ್ದರೂ ನೀವು ಜಗ್ಗಬೇಡಿ.