ಹಗುರ ಶೂಗೆ ಯಾವ ಸಾಕ್ಸ್: ಬೆಟ್ಟ ಹತ್ತಿ ಕಲಿತದ್ದು

ಹೋದ ವರ್ಷ ಮಾರ್ಚ್‌ನಲ್ಲಿ ಕುಂತಿಬೆಟ್ಟ ಇಳಿಯುವಾಗ ಬಲಗಾಲಿನ ಹಿಮ್ಮಡಿ ಚುರುಚುರು ಅನ್ನತೊಡಗಿತು. ಕೆಳಗೆ ಬಂದು ಶೂ ಬಿಚ್ಚಿದರೆ ರೂಪಾಯಿ ನಾಣ್ಯದಗಲ ಬೊಬ್ಬೆ, ಒಡೆದು ಸಾಕ್ಸ್‌ಗೆ ಅಂಟಿಕೊಂಡಿತ್ತು. ಶೂ ಹೊಸದಲ್ಲ. ಅದೇ ಜಾಲರಿ ಬಟ್ಟೆಯ ಹಗುರ ಶೂ ಹಾಕಿಕೊಂಡು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಎಷ್ಟೋ ಭಾನುವಾರ ಹತ್ತಿದ್ದೇನೆ. ಜೊತೆಗಿದ್ದ ತಮ್ಮ ನನ್ನ ಸಾಕ್ಸ್ ಎತ್ತಿ ಹಿಂಡಿದ. "ನೋಡಕ್ಕ, ನೀರು ತೊಟ್ಟಿಕ್ತಿದೆ. ಕಾಟನ್ ಹಾಕ್ಕೊಂಡು ಬಂದಿದ್ದೀಯ."

ಕಾಟನ್ ಬೆವರು ಕುಡಿಯುತ್ತದೆ, ಬಿಡುವುದಿಲ್ಲ. ಒದ್ದೆಯಲ್ಲೇ ಇದ್ದ ಚರ್ಮ ಮೆತ್ತಗಾಗುತ್ತದೆ, ಹೆಜ್ಜೆ ಹೆಜ್ಜೆಗೂ ಉಜ್ಜಿ ಬೊಬ್ಬೆ ಏಳುತ್ತದೆ. ಚಾಮುಂಡಿ ಬೆಟ್ಟಕ್ಕೆ ಬೆಳಗಿನ ತಂಪಲ್ಲಿ ಹೋಗಿ ಬೇಗ ಬರುವವಳಿಗೆ ಇದು ಗೊತ್ತಾಗಿರಲಿಲ್ಲ. ಬಿಸಿಲಲ್ಲಿ ನಾಲ್ಕು ಗಂಟೆ ಬಂಡೆ ಹತ್ತಿ ಇಳಿದಾಗ ಗೊತ್ತಾಯಿತು.

ಮುಂದಿನ ವಾರವೇ ದಪ್ಪನೆಯ ಉಣ್ಣೆ ಸಾಕ್ಸ್ ತಂದೆ. ಅದು ಇನ್ನೊಂದು ತಪ್ಪು. ಆ ದಪ್ಪ ಭಾರದ ಬೂಟಿಗೆ ಸರಿ. ಹಗುರ ಶೂ ಒಳಗೆ ಜಾಗ ಕಡಿಮೆ, ಅದರ ನಾಲಿಗೆಯೂ ತೆಳು. ಮೇಲಿನ ಲೇಸ್ ಪಾದಕ್ಕೆ ಒತ್ತಿ, ಚಾಮುಂಡಿ ಬೆಟ್ಟದ ನಂದಿ ವಿಗ್ರಹದ ಹತ್ತಿರ ಬರುವಷ್ಟರಲ್ಲಿ ಬೆರಳು ಜೋಮು ಹಿಡಿದವು. ಲೇಸ್ ಸಡಿಲ ಮಾಡಿದರೆ ಇಳಿಯುವಾಗ ಹಿಮ್ಮಡಿ ಜಾರುತ್ತಿತ್ತು.

ಈಗ ನಾನು ಹಾಕುವುದು ಮೆರಿನೊ ಎಂಬ ಕುರಿ ತಳಿಯ ನಯವಾದ ಉಣ್ಣೆ ಮತ್ತು ನೈಲಾನ್ ಬೆರಕೆಯ ತೆಳುವಾದ ಸಾಕ್ಸ್. ಮೆರಿನೊ ಒದ್ದೆಯಾದರೂ ತಣ್ಣಗೆ ಅಂಟುವುದಿಲ್ಲ, ವಾಸನೆಯೂ ಕಡಿಮೆ. ನೈಲಾನ್ ಇರುವುದರಿಂದ ಸಾಕ್ಸ್‌ನ ಹಿಮ್ಮಡಿ ಭಾಗ ಬೇಗ ಸವೆಯುವುದಿಲ್ಲ. ಬೆಲೆ ಜಾಸ್ತಿ ಅನ್ನುವುದು ನಿಜ. ಏಪ್ರಿಲ್, ಮೇ ಬಿಸಿಲಿಗೆ ಪಾಲಿಯೆಸ್ಟರ್ ಸಾಕ್ಸ್ ಸಾಕು, ಬೇಗ ಒಣಗುತ್ತದೆ.

ಕೊಳ್ಳುವಾಗ ಸಾಕ್ಸ್ ಒಳಮಗ್ಗುಲಾಗಿ ತಿರುಗಿಸಿ, ಬೆರಳ ತುದಿಯ ಹೊಲಿಗೆಯ ಮೇಲೆ ಬೆರಳಾಡಿಸುತ್ತೇನೆ. ಗಟ್ಟಿ ಗೆರೆ ಸಿಕ್ಕರೆ ವಾಪಸ್ ಇಡುತ್ತೇನೆ, ಯಾಕೆಂದರೆ ಇಳಿಜಾರಿನಲ್ಲಿ ಅದೇ ಗೆರೆ ಕಿರುಬೆರಳಿಗೆ ತಗಲುತ್ತದೆ. ಸಾಕ್ಸ್‌ನ ಎತ್ತರ ಕಾಲಿನ ಗಿಣ್ಣಿಗಿಂತ ಮೇಲೇ ಇರಬೇಕು. ಕರಿಘಟ್ಟದಲ್ಲಿ ಗಿಡ್ಡ ಸಾಕ್ಸ್ ಹಾಕಿದ್ದೆ, ಉತ್ತರಾಣಿ ಕಾಯಿ ಚುಚ್ಚಿ ಸಾಕಾಯಿತು.

ಹೊಸ ಶೂ ಕೊಳ್ಳಲು ಸಂಜೆಯೇ ಮೈಸೂರಿನ ದೇವರಾಜ ಅರಸು ರಸ್ತೆಗೆ ಹೋಗುತ್ತೇನೆ, ನಡೆದು ನಡೆದು ಪಾದ ಸ್ವಲ್ಪ ಊದಿರುತ್ತದೆ. ಬೆಟ್ಟಕ್ಕೆ ಹಾಕುವ ಸಾಕ್ಸ್ ಚೀಲದಲ್ಲಿ ಒಯ್ದು, ಅದನ್ನೇ ಹಾಕಿ ಶೂ ನೋಡುತ್ತೇನೆ. ಲೇಸ್ ಕಟ್ಟದೆ ಪಾದ ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ತೂರಬೇಕು.

ಒಗೆಯುವಾಗ ಬಿಸಿನೀರು ಬೇಡ, ಬಟ್ಟೆ ಮೆದುಗೊಳಿಸುವ ದ್ರಾವಣವೂ ಬೇಡ. ನೆರಳಲ್ಲಿ ಒಣಗಿಸಿ.

ಇನ್ನೊಂದು, ನಮ್ಮ ಕಡೆಯ ಬೆಟ್ಟಗಳಿಗೇ ಸೇರಿದ ಮಾತು. ಮೇಲುಕೋಟೆ ಆಗಲಿ ಕರಿಘಟ್ಟ ಆಗಲಿ, ಗುಡಿಯ ಮುಂದೆ ಶೂ ಬಿಚ್ಚಿ ಬರಿಗಾಲಲ್ಲಿ ಹೋಗುತ್ತೇವೆ. ವಾಪಸ್ ಬಂದಾಗ ಅಂಗಾಲಿಗೆ ಮರಳು ಅಂಟಿರುತ್ತದೆ, ಹಾಗೇ ಸಾಕ್ಸ್ ಹಾಕಿದರೆ ಇಳಿಯುವಷ್ಟರಲ್ಲಿ ಕಾಲು ಕೆರೆಯುತ್ತದೆ. ಈಗ ದರ್ಶನಕ್ಕೆ ಹೋಗುವ ಮುಂಚೆ ಸಾಕ್ಸನ್ನು ತಿರುವಿ ಶೂ ಮೇಲೆ ಬಿಸಿಲಿಗೆ ಹರಡಿ ಹೋಗುತ್ತೇನೆ. ಬಂದು ಸಣ್ಣ ಟವೆಲ್‌ನಲ್ಲಿ ಬೆರಳಸಂದಿ ಒರೆಸಿಕೊಂಡು, ಇನ್ನೂ ತೇವ ಇದ್ದರೆ ಚೀಲದಲ್ಲಿರುವ ಒಣ ಜೋಡಿ ಹಾಕಿಕೊಳ್ಳುತ್ತೇನೆ.