ಉಜಿಯಲ್ಲಿ ಟೀ, ಕಾಲಿಗೆ ಜೋಮು

ಕ್ಯೋಟೋದಿಂದ ಉಜಿಗೆ ಲೋಕಲ್ ರೈಲಿನಲ್ಲಿ ಅರ್ಧ ಗಂಟೆ ಸಾಕು. 10 ಯೆನ್ ನಾಣ್ಯದ ಮೇಲಿರುವ ಬ್ಯೋದೋ-ಇನ್ ದೇವಾಲಯ ಇಲ್ಲೇ ಇದೆ. ಅದನ್ನು ಬೇಗ ನೋಡಿ ಮುಗಿಸಿದೆ. ನಾನು ಬಂದಿದ್ದೇ ಜಪಾನಿನ ಸಾಂಪ್ರದಾಯಿಕ ಪದ್ಧತಿಯಂತೆ ಕೂತು ಟೀ ಕುಡಿಯೋಕೆ.

ಟೀ ಬಟ್ಟಲಿಗೆ ಗೀರು ಬೀಳಬಾರದಲ್ವಾ, ಹಾಗಾಗಿ ಉಂಗುರ, ವಾಚು ಮೊದಲೇ ಬಿಚ್ಚಿಟ್ಟೆ. ಬ್ಯಾಗಿನಲ್ಲಿದ್ದ ಬಿಳಿ ಸಾಕ್ಸ್ ಹಾಕಿಕೊಂಡೆ. ತತಾಮಿ ಚಾಪೆಯ ಅಂಚಿನ ಪಟ್ಟಿ ತುಳಿಯಬಾರದಂತೆ. ಹೊಸ್ತಿಲು ತುಳಿದರೆ ಅಜ್ಜಿ ಗದರುತ್ತಿದ್ದುದು ನೆನಪಾಯಿತು. ಕೂರುವುದು ವಜ್ರಾಸನದಲ್ಲಿ. ಯೋಗದ ಕ್ಲಾಸಿನಲ್ಲಿ ಐದು ನಿಮಿಷ ಕೂತಿದ್ದೇ ನನ್ನ ದಾಖಲೆ.

ಮೊದಲು ಮಡಿಸಿದ ಕಾಗದದ ಮೇಲೆ ಒಂದು ಸಿಹಿ ಬಂತು. ಒಳಗೆ ಅಲಸಂದೆ ಜಾತಿಯ ಕೆಂಪು ಕಾಳಿನ ಹೂರಣ, ಹೋಳಿಗೆಯದಕ್ಕಿಂತ ನುಣುಪು. ಟೀ ಜೊತೆಗಿರಲಿ ಅಂತ ಅರ್ಧ ಉಳಿಸಿಕೊಂಡೆ. ಅದೇ ತಪ್ಪು! ಪಕ್ಕದ ಜಪಾನಿ ಅಜ್ಜಿ ತನ್ನ ಖಾಲಿ ಕಾಗದ ತೋರಿಸಿ ನಕ್ಕರು. ಸಿಹಿ ತಿಂದ ಮೇಲೆ ಕಾಫಿ ಸಪ್ಪೆಯಾಗುತ್ತದೆ ಅಂತ ನಾವು ನಡುವೆ ಖಾರ ತಿನ್ನುತ್ತೇವೆ. ಇಲ್ಲಿ ಟೀಗೆ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ಸಿಹಿಯೆಲ್ಲ ಮೊದಲೇ ಬಾಯಲ್ಲಿರಬೇಕು.

ಟೀ ಮಾಡುವವರು ಕೆಂಪು ರೇಷ್ಮೆ ಬಟ್ಟೆ ಮಡಚಿ, ಶುಚಿಯಾಗಿಯೇ ಇದ್ದ ಬಿದಿರಿನ ಚಮಚವನ್ನೇ ನಮ್ಮೆದುರು ಮತ್ತೆ ಒರೆಸಿದರು. ಹಸಿರು ಪುಡಿ ಹಾಕಿ, ಬಿಸಿನೀರು ಸುರಿದು, ಪುಟ್ಟ ಕಡೆಗೋಲಿನಂಥ 'ಚಾಸೆನ್' ಹಿಡಿದರು. ಒಂದೇ ಬಿದಿರಿನ ತುಂಡನ್ನು ಎಳೆ ಎಳೆಯಾಗಿ ಸೀಳಿ ಮಾಡಿದ್ದು. ಮಜ್ಜಿಗೆ ಕಡೆದ ಹಾಗೆ ತಿರುಗಿಸುವುದಿಲ್ಲ, ಮಣಿಕಟ್ಟು ಮಾತ್ರ ಹಿಂದೆ ಮುಂದೆ, ಸರಸರ. ಈ ಪದ್ಧತಿಗೆ ರೂಪ ಕೊಟ್ಟವರಲ್ಲಿ ದೊಡ್ಡ ಹೆಸರು 16ನೇ ಶತಮಾನದ ಸೆನ್ ನೊ ರಿಕ್ಯೂ ಅವರದು. ಅವರ ವಂಶದ ಉರಾಸೆಂಕೆ ಶಾಖೆಯಲ್ಲಿ ನೊರೆ ಜಾಸ್ತಿ, ಒಮೊತೆಸೆಂಕೆಯಲ್ಲಿ ಕಡಿಮೆ.

ಬಟ್ಟಲಿನ ಚಂದದ ಮುಖ ನಮ್ಮ ಕಡೆಗಿಟ್ಟು ಕೊಡುತ್ತಾರೆ. ಅಲ್ಲಿಗೆ ತುಟಿ ಹಚ್ಚಬಾರದು. ಎಡ ಅಂಗೈ ಮೇಲಿಟ್ಟು, ಗಡಿಯಾರದ ಮುಳ್ಳು ಹೋಗುವ ಕಡೆಗೆ ಎರಡು ಸಲ ತಿರುಗಿಸಿದೆ. ಪಕ್ಕದ ಅಜ್ಜಿಯನ್ನು ನೋಡಿಯೇ ಕಲಿತದ್ದು. ಮೊದಲ ಗುಟುಕು ಕಹಿ, ಆಮೇಲೆ ಹಸಿ ಎಲೆಯ ಘಮ. ಕೊನೆಯ ಗುಟುಕನ್ನು ಸೊರ್ ಅಂತ ಹೀರಬೇಕು, ಮುಗಿಯಿತು ಅಂತ ತಿಳಿಸೋಕೆ. ನಮ್ಮ ಮನೆಯಲ್ಲಾಗಿದ್ದರೆ ಬೈಗುಳ ಗ್ಯಾರಂಟಿ. ನಾನಂತೂ ಖುಷಿಯಾಗಿ ಹೀರಿದೆ.

ಏಳೋಕೆ ಹೋದರೆ ಕಾಲುಗಳೇ ಇಲ್ಲ! ಅಜ್ಜಿ ಕಾಲ್ಬೆರಳಿನ ಮೇಲೆ ಕೂತು ತೋರಿಸಿದರು: ಮೊದಲು ಕಾಲ್ಬೆರಳು ಮಡಚಿ ಊರು, ಆಮೇಲೆ ಏಳು. ಉಳಿದ ಅರ್ಧ ಸಿಹಿಯನ್ನು ಅದೇ ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು. ಹೊಳೆ ದಂಡೆಯಲ್ಲಿ ಕಾಲು ಚಾಚಿ ಕೂತು ತಿಂದೆ.